ಖಜಾನೆಯ ಹೊಣೆ ಹೊತ್ತ ರಾಜಕಾರಣಿಯ ಬದುಕನ್ನು ಬರೆಯುವ ಬಗೆ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಕುಮಟಾ ಕಡೆ ಸ್ಮರಣ ಸಂಚಿಕೆ ಇಲ್ಲದೆ ಸಮಾರಂಭ ಮುಗಿಯುವುದು ಅಪರೂಪ. ಸೇವಾ ಸಹಕಾರಿ ಸಂಘದ ಅಮೃತ ಮಹೋತ್ಸವವಿರಲಿ, ಪ್ರೌಢಶಾಲೆಯ ಸುವರ್ಣ ಮಹೋತ್ಸವವಿರಲಿ, ಆ ಸೀಮೆಯಿಂದ ವಿಧಾನಸೌಧದ ಮೆಟ್ಟಿಲು ಹತ್ತಿದ ಒಬ್ಬರ ಬಗ್ಗೆ ನಾಲ್ಕು ಪುಟ ಇದ್ದೇ ಇರುತ್ತದೆ. ಅದನ್ನು ಬರೆಯುವ ಕೆಲಸ ಊರಿನ ಮಾಸ್ತರರಿಗೋ, ಕಾಲೇಜಿನ ವಿದ್ಯಾರ್ಥಿಗೋ, ನನ್ನಂಥ ಹವ್ಯಾಸಿ ಬರಹಗಾರನಿಗೋ ಬರುತ್ತದೆ. ಹುಟ್ಟಿದ ವರ್ಷ, ಗೆದ್ದ ಚುನಾವಣೆ, ಹಿಡಿದ ಖಾತೆ, ಕೊನೆಗೆ ‘ನಾಡಿಗೆ ಅಪಾರ ಕೊಡುಗೆ ನೀಡಿದರು’ ಎಂಬ ಸಾಲು, ಇಷ್ಟರಲ್ಲಿ ಲೇಖನ ಮುಗಿಯುತ್ತದೆ. ಬೇರೆ ಖಾತೆಗಳನ್ನು ನೋಡಿಕೊಂಡವರ ಮಟ್ಟಿಗೆ ಇದು ಹೇಗೋ ನಡೆದೀತು. ಆದರೆ ಸರ್ಕಾರದ ಹಣಕಾಸನ್ನೋ ಪಕ್ಷದ ಕೋಶವನ್ನೋ ನಿಭಾಯಿಸಿದವರ ಬಗ್ಗೆ ಹೀಗೆ ಬರೆದರೆ ಅವರು ಮಾಡಿದ ಕೆಲಸವೇ ಲೇಖನದಿಂದ ಹೊರಗುಳಿಯುತ್ತದೆ.

ಈ ಮಾತನ್ನು ನಾನು ತಪ್ಪು ಮಾಡಿ ಕಲಿತಿದ್ದೇನೆ. ಹಲವು ವರ್ಷಗಳ ಹಿಂದೆ ಇಂಥದೇ ಒಂದು ಸಂಚಿಕೆಗೆ ಬರೆಯುವಾಗ, ಬಜೆಟ್ ಭಾಷಣದ ಒಂದು ಸಾಲನ್ನು ನಂಬಿ, ಮಾಜಿ ಸಚಿವರೊಬ್ಬರು ಘಟ್ಟದ ಕೆಳಗಿನ ಒಂದು ಹೊಳೆಗೆ ಸೇತುವೆ ಕಟ್ಟಿಸಿಕೊಟ್ಟರೆಂದು ಬರೆದೆ. ಸಂಚಿಕೆ ಕೈಸೇರಿದ ಮೇಲೆ ಆ ಹೊಳೆಯ ಆಚೆ ದಡದ ಹಿರಿಯರೊಬ್ಬರು ಫೋನ್ ಮಾಡಿ, ಆ ಭಾಷಣವಾದ ನಂತರವೂ ಹನ್ನೊಂದು ಮಳೆಗಾಲ ತಮ್ಮ ಮನೆಯ ಮಕ್ಕಳು ಅಡಿಕೆ ಮರದ ಕಾಲುಸಂಕ ದಾಟಿಯೇ ಶಾಲೆಗೆ ಹೋದರೆಂದು ಸಮಾಧಾನದಿಂದಲೇ ಹೇಳಿದರು. ಭಾಷಣದಲ್ಲಿ ಸೇತುವೆ ಇತ್ತು, ಹೊಳೆಯ ಮೇಲೆ ಇರಲಿಲ್ಲ. ಹಣ ನೋಡಿಕೊಂಡವರ ಬದುಕನ್ನು ಬರೆಯುವವರು ನುಡಿದ ಹಣ, ನಡುವೆ ತಿದ್ದಿದ ಹಣ, ಕೊನೆಗೆ ನಿಜವಾಗಿ ಖರ್ಚಾದ ಹಣ ಈ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಅದನ್ನು ಮಾಡುವ ದಾರಿಯನ್ನು ನಾನು ಕಲಿತಷ್ಟು ಇಲ್ಲಿ ಬರೆಯುತ್ತಿದ್ದೇನೆ.

ಯಾವ ಖಜಾನೆ?

‘ರಾಜ್ಯದ ಖಜಾಂಚಿ’ ಎಂಬ ಮಾತು ಒಂದೊಂದು ದೇಶದಲ್ಲಿ ಒಂದೊಂದು ಅರ್ಥ ಕೊಡುತ್ತದೆ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಸ್ಟೇಟ್ ಟ್ರೆಷರರ್ ಎಂಬ ಹುದ್ದೆಗೆ ಜನರೇ ಮತ ಹಾಕಿ ಆರಿಸುತ್ತಾರೆ. ರಾಜ್ಯದ ಹಣವನ್ನು ಕಾಯುವುದು, ಬ್ಯಾಂಕುಗಳಲ್ಲಿ ಇಡುವುದು, ಹೂಡುವುದು ಅವರ ಮುಖ್ಯ ಕೆಲಸ. ನಮ್ಮಲ್ಲಿ ಅಂಥ ಚುನಾಯಿತ ಹುದ್ದೆ ಇಲ್ಲ. ನೀತಿ ನಿರ್ಧರಿಸುವುದು ಹಣಕಾಸು ಸಚಿವರು, ಕಡತ ತೂಗಿ ನೋಡುವುದು ಹಣಕಾಸು ಇಲಾಖೆಯ ಅಧಿಕಾರಿಗಳು, ಬಿಲ್ಲು ಪಾಸು ಮಾಡಿ ಹಣ ಪಾವತಿಸುವುದು ಖಜಾನೆ ಇಲಾಖೆ, ಒಟ್ಟು ಲೆಕ್ಕವನ್ನು ಬರೆದಿಡುವುದು ಮಹಾಲೇಖಪಾಲರ ಕಚೇರಿ. ಕಾರವಾರದಲ್ಲಿ ಜಿಲ್ಲಾ ಖಜಾನೆ, ತಾಲ್ಲೂಕುಗಳಲ್ಲಿ ಉಪಖಜಾನೆ ಇರುವುದನ್ನು ನೀವು ನೋಡಿರುತ್ತೀರಿ. ಪಿಂಚಣಿಯ ಹಿರಿಯರಿಗೆ ಆ ಕಟ್ಟಡಗಳ ಬೆಂಚುಗಳ ಪರಿಚಯ ಚೆನ್ನಾಗಿರುತ್ತದೆ. ಹೀಗಾಗಿ ‘ಸಚಿವರು ಹಣ ಬಿಡುಗಡೆ ಮಾಡಿದರು’ ಎಂದು ಬರೆಯುವ ಮೊದಲು ಅವರು ನಿರ್ಧಾರ ಮಾಡಿದ್ದೋ, ಆದೇಶ ಹೊರಟಿದ್ದೋ, ಹಣ ನಿಜವಾಗಿ ಖಜಾನೆಯಿಂದ ಹೊರಬಿದ್ದದ್ದೋ ಎಂದು ವಿಂಗಡಿಸಿಕೊಳ್ಳಬೇಕು.

ಇನ್ನೊಂದು ಬಗೆಯ ಖಜಾಂಚಿ ರಾಜಕೀಯ ಪಕ್ಷದ ಕೋಶಾಧ್ಯಕ್ಷ. ಇವರಿಗೆ ಬಜೆಟ್ ಇಲ್ಲ, ಸದನಕ್ಕೆ ಉತ್ತರ ಹೇಳಬೇಕಾಗಿಲ್ಲ, ಆದರೆ ಚುನಾವಣಾ ಆಯೋಗಕ್ಕೆ ಲೆಕ್ಕ ಕೊಡಬೇಕು. ಒಬ್ಬರೇ ವ್ಯಕ್ತಿ ಬೇರೆ ಬೇರೆ ಕಾಲದಲ್ಲಿ ಎರಡೂ ಹೊಣೆ ಹೊತ್ತಿದ್ದರೆ ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಪಕ್ಷದ ಹಣ, ಸರ್ಕಾರದ ಹಣ ಎರಡೂ ಒಂದೇ ಅಧ್ಯಾಯದಲ್ಲಿ ಕಲಸಿಹೋದರೆ ಓದುವವರಿಗೆ ಅನ್ಯಾಯ, ಬರೆಸಿಕೊಂಡವರಿಗೂ ಅನ್ಯಾಯ.

ತಾರೀಕುಗಳ ಕೀರ್ದಿ

ಸೊಸೈಟಿಯಲ್ಲಿ ಖತಾವಣಿಗೆ ಹೋಗುವ ಮೊದಲು ರೋಜುಕೀರ್ದಿ ಬರೆಯುವ ಹಾಗೆ, ಲೇಖನಕ್ಕೆ ಕೂರುವ ಮೊದಲು ತಾರೀಕುಗಳ ಕೀರ್ದಿ ಬರೆಯಿರಿ. ಉದ್ದನೆಯ ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ದಿನಾಂಕ, ನಡುವೆ ಘಟನೆ, ಬಲಗಡೆ ಅದು ಎಲ್ಲಿ ಸಿಕ್ಕಿತೆಂಬ ಗುರುತು. ಬಲಗಡೆಯ ಅಂಕಣ ಖಾಲಿಯಿದ್ದರೆ ಆ ಸಾಲು ಇನ್ನೂ ಕೇಳಿದ ಮಾತು ಮಾತ್ರ.

ನಮ್ಮ ಜಿಲ್ಲೆಯವರಿಗೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ. ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ 1926ರ ಆಗಸ್ಟ್ 29ರಂದು ಹುಟ್ಟಿದ ರಾಮಕೃಷ್ಣ ಹೆಗಡೆಯವರು ಹಣಕಾಸು ಸಚಿವರಾಗಿಯೂ, ಮುಂದೆ ಮುಖ್ಯಮಂತ್ರಿಯಾಗಿ ಹಣಕಾಸು ಖಾತೆಯನ್ನು ತಮ್ಮಲ್ಲೇ ಇಟ್ಟುಕೊಂಡೂ ಒಟ್ಟು 13 ಬಾರಿ ರಾಜ್ಯದ ಬಜೆಟ್ ಮಂಡಿಸಿದರು. ಆ ದಾಖಲೆಯನ್ನು ಸಿದ್ದರಾಮಯ್ಯನವರು 2023ರ ಜುಲೈ 7ರಂದು ತಮ್ಮ 14ನೆಯ ಬಜೆಟ್ ಓದಿ ದಾಟಿದರು. ಹೆಗಡೆಯವರ ಕೀರ್ದಿಯನ್ನು ಬರೆಯಲು ಕೂತವರಿಗೆ ತಪ್ಪು ಮಾಡುವ ಅವಕಾಶಗಳು ಎಷ್ಟು ಎಂಬುದು ತಾನೇ ತಿಳಿಯುತ್ತದೆ. ಅವರು 1983ರ ಜನವರಿ 10ರಂದು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಯಾದಾಗ ವಿಧಾನಸಭೆಯ ಸದಸ್ಯರಾಗಿರಲಿಲ್ಲ. ಆಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ಬಂದರು. 1984ರ ಕೊನೆಯ ಲೋಕಸಭಾ ಚುನಾವಣೆಯಲ್ಲಿ ಪಕ್ಷ ಸೋತಾಗ ರಾಜೀನಾಮೆ ಕೊಟ್ಟು, 1985ರಲ್ಲಿ ಮತ್ತೆ ಜನರ ಮುಂದೆ ಹೋಗಿ, ಬಸವನಗುಡಿಯಿಂದ ಗೆದ್ದು ಮುಖ್ಯಮಂತ್ರಿಯಾದರು. 1986ರ ಫೆಬ್ರುವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟ್ ಆಕ್ಷೇಪಿಸಿದಾಗ ರಾಜೀನಾಮೆ ಕೊಟ್ಟು ಮೂರು ದಿನಗಳಲ್ಲಿ ಹಿಂತೆಗೆದುಕೊಂಡರು. 1988ರ ಆಗಸ್ಟ್‌ನಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ ಕೊನೆಯದಾಗಿ ಕೆಳಗಿಳಿದರು. ‘1983ರಿಂದ 1988ರವರೆಗೆ ಮುಖ್ಯಮಂತ್ರಿ’ ಎಂದು ಒಂದೇ ಸಾಲಿನಲ್ಲಿ ಬರೆದರೆ ತಪ್ಪಲ್ಲ, ಆದರೆ ಆ ಸಾಲಿನೊಳಗೆ ಮೂರು ರಾಜೀನಾಮೆಗಳು ಮರೆಯಾಗುತ್ತವೆ, ಅವುಗಳಲ್ಲಿ ಒಂದಂತೂ ನೇರವಾಗಿ ರಾಜ್ಯದ ಆದಾಯದ ಮೂಲಕ್ಕೇ ಸಂಬಂಧಿಸಿದ್ದು.

ಕ್ಷೇತ್ರಗಳ ಹೆಸರಿನಲ್ಲಿ ಇನ್ನೊಂದು ತೊಡಕಿದೆ. ಅಂಕೋಲಾ ಎಂಬ ವಿಧಾನಸಭಾ ಕ್ಷೇತ್ರ 2008ರ ಮರುವಿಂಗಡಣೆಯ ನಂತರ ಇಲ್ಲ. ವಿಶ್ವೇಶ್ವರ ಹೆಗಡೆ ಕಾಗೇರಿಯವರು ಮೊದಲು ಅಂಕೋಲಾದಿಂದ, 2008ರಿಂದ ಶಿರಸಿಯಿಂದ ಗೆದ್ದದ್ದನ್ನು ನೋಡಿ ‘ಕ್ಷೇತ್ರ ಬದಲಿಸಿದರು’ ಎಂದು ಬರೆದವರಿದ್ದಾರೆ. ಬದಲಾದದ್ದು ಕ್ಷೇತ್ರದ ನಕ್ಷೆಯೇ. ಲೋಕಸಭೆಯ ಕ್ಷೇತ್ರದ ಹೆಸರೂ ಮೊದಲು ಕೆನರಾ ಎಂದೇ ಇತ್ತು. ಇನ್ನೂ ಹಿಂದಕ್ಕೆ ಹೋದರೆ, 1862ರಿಂದ 1956ರ ಅಕ್ಟೋಬರ್ ಕೊನೆಯವರೆಗೆ ಈ ಜಿಲ್ಲೆ ಮುಂಬಯಿಯ ಆಡಳಿತದಲ್ಲಿತ್ತು. ಹೀಗಾಗಿ 1952ರ ಮೊದಲ ಚುನಾವಣೆಯಲ್ಲಿ ಇಲ್ಲಿಂದ ಗೆದ್ದ ಶಾಸಕರನ್ನು ಬೆಂಗಳೂರಿನ ಕಡತಗಳಲ್ಲಿ ಹುಡುಕಿ ಸಿಗಲಿಲ್ಲವೆಂದು ಬೇಸರಪಡಬೇಡಿ. ಅವರು ಕುಳಿತದ್ದು ಮುಂಬಯಿಯ ಸದನದಲ್ಲಿ.

ಚುನಾವಣೆಯ ಅಂಕಿಗಳಿಗೆ ಚುನಾವಣಾ ಆಯೋಗದ ಅಂಕಿಅಂಶ ವರದಿಗಳೇ ಸಾಕು, ಅಂತರ್ಜಾಲದಲ್ಲಿ ಸಿಗುತ್ತವೆ. ಖಾತೆ ಹಂಚಿಕೆಗೆ ರಾಜ್ಯಪತ್ರ ನೋಡಿ.

ಮೂರು ಅಂಕಣಗಳನ್ನು ಓದುವ ವಿಧಾನ

ನಾನು ಬಜೆಟ್ ಪುಸ್ತಕ ಓದಲು ಕಲಿತದ್ದು ಶಿರಸಿ ಸಮೀಪದ ಹಳ್ಳಿಯೊಂದರ ಜಗಲಿಯಲ್ಲಿ, ಸೊಸೈಟಿಯ ನಿವೃತ್ತ ಕಾರ್ಯದರ್ಶಿಯೊಬ್ಬರ ಎದುರು. ಅವರು ಒಳಗಿನಿಂದ ತಂದದ್ದು ಸರ್ಕಾರದ ಬಜೆಟ್ ಅಲ್ಲ, ಸಂಘದ ವಾರ್ಷಿಕ ವರದಿ. ಕವಳದ ತಬಕನ್ನು ಬದಿಗೆ ಸರಿಸಿ, ಅಢಾವೆ ಪತ್ರಿಕೆಯ ಪುಟ ಬಿಡಿಸಿ, ಸುಣ್ಣ ಹತ್ತಿದ ಬೆರಳನ್ನು ಪಂಚೆಯ ಅಂಚಿಗೆ ಒರೆಸಿಕೊಂಡು ಎಡ ಅಂಕಣದ ಮೇಲೆ ಇಟ್ಟರು. ‘ತಮಾ, ಅಧ್ಯಕ್ಷರ ಮಾತು ಆಮೇಲೆ ಓದ್ಲಕ್ಕು. ಮೊದ್ಲು ಹೋದ ವರ್ಷದ್ದು ಇಲ್ಲಿದ್ದು, ಈ ವರ್ಷದ್ದು ಅಲ್ಲಿದ್ದು, ಎರಡನ್ನೂ ನೋಡು’ ಎಂದರು. ಹದಿನೈದು ನಿಮಿಷದಲ್ಲಿ ಯಾವ ಬಾಬ್ತು ಏರಿದೆ, ಯಾವುದು ಇಳಿದಿದೆ, ಎಲ್ಲಿ ಅಂದಾಜು ಪತ್ರಿಕೆಯಲ್ಲಿ ಬರೆದದ್ದು ಖರ್ಚೇ ಆಗಿಲ್ಲ ಎಂಬುದು ಕಣ್ಣಿಗೆ ಕಟ್ಟಿತು. ರಾಜ್ಯದ ಬಜೆಟ್ಟು ಇದೇ ಪತ್ರಿಕೆಯ ಬಹಳ ದೊಡ್ಡ ರೂಪ, ಅಷ್ಟೇ.

ಸಂವಿಧಾನದ 202ನೆಯ ವಿಧಿಯ ಪ್ರಕಾರ ಪ್ರತಿ ವರ್ಷ ಸದನದ ಮುಂದಿಡುವ ವಾರ್ಷಿಕ ಹಣಕಾಸು ವಿವರಣೆಯನ್ನೇ ನಾವು ಬಜೆಟ್, ಆಯವ್ಯಯ ಎನ್ನುವುದು. ಸಚಿವರು ಎದ್ದು ನಿಂತು ಓದುವ ಭಾಷಣ ಅದರ ಮುನ್ನುಡಿಯಿದ್ದಂತೆ. ಅಸಲು ಸಂಗತಿ ಅದರ ಜೊತೆಗಿರುವ ದಪ್ಪ ಸಂಪುಟಗಳಲ್ಲಿದೆ, ಅಲ್ಲಿ ಪ್ರತಿ ಬಾಬ್ತಿನ ಎದುರು ಹಿಂದೆ ಮುಗಿದ ವರ್ಷದ ಲೆಕ್ಕ, ನಡೆಯುತ್ತಿರುವ ವರ್ಷದ ಬಜೆಟ್ ಅಂದಾಜು ಮತ್ತು ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು ಇರುತ್ತವೆ. ಇಲ್ಲಿ ಮುಖ್ಯವಾಗಿ ನೆನಪಿಡಬೇಕಾದದ್ದು, ಒಂದು ವರ್ಷದ ನಿಜವಾದ ಖರ್ಚು ಎರಡು ವರ್ಷ ಬಿಟ್ಟು ಬರುವ ಪುಸ್ತಕದಲ್ಲಿ ಸಿಗುತ್ತದೆ ಎಂಬುದು. 2023-24ರ ಬಜೆಟ್ ಮಾತು ಎಷ್ಟು ನಡೆಯಿತೆಂದು ತಿಳಿಯಲು 2025-26ರ ಪುಸ್ತಕ ತೆರೆಯಬೇಕು. ಒಬ್ಬ ಹಣಕಾಸು ಸಚಿವರು ಖಾತೆ ಬಿಟ್ಟ ವರ್ಷಕ್ಕೇ ನಿಮ್ಮ ಹುಡುಕಾಟ ನಿಂತರೆ ಅವರ ಕೊನೆಯ ಎರಡು ಬಜೆಟ್ಟುಗಳ ಫಲ ನಿಮಗೆ ಕಾಣುವುದೇ ಇಲ್ಲ, ಅದು ಅವರ ನಂತರ ಬಂದವರ, ಒಮ್ಮೊಮ್ಮೆ ಎದುರು ಪಕ್ಷದವರ, ಪುಸ್ತಕದಲ್ಲಿ ಅಚ್ಚಾಗಿರುತ್ತದೆ.

ಬಾಬ್ತುಗಳನ್ನು ಗುರುತಿಸುವುದು ಮೊದಲ ದಿನ ಕಷ್ಟವೆನಿಸಿದರೂ ಅದಕ್ಕೊಂದು ಸರಳ ಕ್ರಮವಿದೆ. ಪ್ರತಿ ಬಾಬ್ತಿಗೂ ಪ್ರಧಾನ ಲೆಕ್ಕ ಶೀರ್ಷಿಕೆಯೆಂಬ ನಾಲ್ಕು ಅಂಕಿಯ ಸಂಖ್ಯೆ ಇರುತ್ತದೆ. 2 ಅಥವಾ 3ರಿಂದ ಆರಂಭವಾದರೆ ಸಂಬಳ, ದುರಸ್ತಿ, ಸಹಾಯಧನದಂಥ ರಾಜಸ್ವ ಖರ್ಚು. 4 ಅಥವಾ 5ರಿಂದ ಆರಂಭವಾದರೆ ಕಟ್ಟಡ, ಸೇತುವೆ, ಬಂದರಿನಂಥ ಬಂಡವಾಳ ಖರ್ಚು. 6 ಅಥವಾ 7 ಇದ್ದರೆ ಸಾಲ. ಮೀನುಗಾರಿಕೆಯ ರಾಜಸ್ವ ಖರ್ಚು 2405ರಲ್ಲಿ, ಅದರ ಬಂಡವಾಳ ಖರ್ಚು 4405ರಲ್ಲಿ ಬರುತ್ತದೆ. ರಸ್ತೆ ಸೇತುವೆಗಳ ದುರಸ್ತಿ ನಿರ್ವಹಣೆ 3054ರಲ್ಲಿ, ಹೊಸ ಕಾಮಗಾರಿ 5054ರಲ್ಲಿ. ಬಂದರುಗಳ ಬಂಡವಾಳ ಖರ್ಚು 5051. ಕರಾವಳಿಯ ಬಗ್ಗೆ ಬರೆಯುವವರು ಈ ಐದು ಸಂಖ್ಯೆಗಳನ್ನು ನೋಟ್‌ಬುಕ್ಕಿನ ಒಳರಟ್ಟಿಗೆ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಹಗುರವಾಗುತ್ತದೆ. ‘ಮೀನುಗಾರರ ಬಗ್ಗೆ ಅಪಾರ ಕಾಳಜಿ’ ಇದ್ದ ಸಚಿವರ ಅವಧಿಯಲ್ಲಿ 4405ರ ಎದುರಿನ ಅಂಕಿ ವರ್ಷದಿಂದ ವರ್ಷಕ್ಕೆ ಹೇಗೆ ನಡೆಯಿತೆಂದು ಒಂದು ಸಾಲು ಬರೆದರೆ, ಆ ಕಾಳಜಿ ಇತ್ತೋ ಇಲ್ಲವೋ ಎಂದು ಓದುಗರೇ ತೀರ್ಮಾನಿಸುತ್ತಾರೆ.

ಒಂದು ಬಾಬ್ತನ್ನು ಹಿಡಿದು ಕೊನೆಯವರೆಗೆ ಹೋಗುವುದನ್ನು ಅಭ್ಯಾಸ ಮಾಡಿ. ಉದಾಹರಣೆಗೆ ಒಂದು ಯೋಜನೆಗೆ ಬಜೆಟ್ಟಿನಲ್ಲಿ 100 ಕೋಟಿ ಎಂದು ಬರೆದಿದ್ದಾರೆಂದು ಇಟ್ಟುಕೊಳ್ಳಿ. ವರ್ಷದ ನಡುವೆ ಪೂರಕ ಅಂದಾಜಿನಲ್ಲಿ ಇನ್ನೂ 20 ಕೋಟಿ ಸೇರಿರಬಹುದು, ಪರಿಷ್ಕೃತ ಅಂದಾಜಿನಲ್ಲಿ ಅದು 90ಕ್ಕೆ ಇಳಿದಿರಬಹುದು, ಕೊನೆಯ ಲೆಕ್ಕದಲ್ಲಿ 60 ಎಂದಿರಬಹುದು. ಸ್ಮರಣ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಬರುವುದು ಮೊದಲ 100. ಉಳಿದ 40 ಎಲ್ಲಿ ಹೋಯಿತು, ಬರಗಾಲದಿಂದ ಆದಾಯ ಕುಸಿದು ಕಡಿತವಾಯಿತೋ, ಕಾಮಗಾರಿಗೆ ಜಾಗ ಸಿಗಲಿಲ್ಲವೋ, ಇಲಾಖೆ ಖರ್ಚು ಮಾಡಲಾಗದೆ ಹಣ ಹಿಂದಿರುಗಿಸಿತೋ ಎಂದು ಕೇಳಿದಾಗಲೇ ಖಜಾನೆ ನೋಡಿಕೊಂಡವರ ನಿಜವಾದ ದಿನಚರಿ ತೆರೆದುಕೊಳ್ಳುತ್ತದೆ. ಇಲ್ಲವೆನ್ನುವುದು ಹಣಕಾಸು ಸಚಿವರ ಕೆಲಸದ ದೊಡ್ಡ ಪಾಲು. ಯಾರಿಗೆ ಇಲ್ಲವೆಂದರು, ಯಾವಾಗ ಎಂದರು ಎಂಬುದು ಯಾವ ಅಭಿನಂದನಾ ಭಾಷಣದಲ್ಲೂ ಬರುವುದಿಲ್ಲ, ಪರಿಷ್ಕೃತ ಅಂದಾಜಿನ ಅಂಕಣದಲ್ಲಿ ಬರುತ್ತದೆ.

ಲೋಕೋಪಯೋಗಿ ಇಲಾಖೆಯ ಕಾಮಗಾರಿಯಾದರೆ ಬಜೆಟ್ಟಿನ ಜೊತೆ ಬರುವ ಅಪೆಂಡಿಕ್ಸ್-ಇ ಎಂಬ ಪಟ್ಟಿಯನ್ನು ತಪ್ಪದೆ ನೋಡಿ. ಗುತ್ತಿಗೆದಾರರೂ ಇಂಜಿನಿಯರರೂ ದಿನವೂ ಬಾಯಲ್ಲಿ ಆಡುವ ಹೆಸರು ಅದು. ದೊಡ್ಡ ಸೇತುವೆಯೊಂದು ಅದರಲ್ಲಿ ಸೇರಿದ್ದರೂ ಎದುರಿಗೆ ಹೆಸರಿಗೆ ಮಾತ್ರ ಒಂದು ಸಣ್ಣ ಮೊತ್ತ ಇರಬಹುದು. ಅದರ ಅರ್ಥ ಕೆಲಸ ಪಟ್ಟಿಯಲ್ಲಿದೆ, ಹಣ ಇನ್ನೂ ಬಂದಿಲ್ಲ ಎಂದು. ನನ್ನ ಆ ಹೊಳೆಯ ಸೇತುವೆಯ ಕಥೆಯೂ ಇದೇ ಆಗಿತ್ತೆಂದು ಆಮೇಲೆ ತಿಳಿಯಿತು.

ಇಷ್ಟರ ಮೇಲೆ ಸಿಎಜಿ, ಅಂದರೆ ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರ, ವರದಿಗಳಿವೆ. 151ನೆಯ ವಿಧಿಯಂತೆ ಅವು ರಾಜ್ಯಪಾಲರ ಮೂಲಕ ಸದನಕ್ಕೆ ಬರುತ್ತವೆ, ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ ಅವನ್ನು ಪರಿಶೀಲಿಸುತ್ತದೆ. ವರ್ಷದ ಕೊನೆಯ ತಿಂಗಳಾದ ಮಾರ್ಚಿನಲ್ಲಿ ಗಡಿಬಿಡಿಯಿಂದ ಎಷ್ಟು ಖರ್ಚಾಯಿತು, ಯಾವ ಇಲಾಖೆಯ ಅನುದಾನ ಬೇಡಿಕೆಯಲ್ಲಿ ಹಣ ಉಳಿಯಿತು, ಎಲ್ಲಿ ಮಂಜೂರಾತಿ ಮೀರಿತು ಎಂಬುದನ್ನು ಅಲ್ಲಿ ಹೆಸರಿಟ್ಟು ಬರೆದಿರುತ್ತಾರೆ. ಭಾಷೆ ಒಣ, ಆದರೆ ನಂಬಬಹುದಾದದ್ದು. ಹಳೆಯ ಕಾಲದ ಪುಸ್ತಕಗಳಿಗೆ ಬೆಂಗಳೂರಿನ ವಿಧಾನಮಂಡಲದ ಗ್ರಂಥಾಲಯಕ್ಕೋ ರಾಜ್ಯ ಪತ್ರಾಗಾರಕ್ಕೋ ಹೋಗಲೇಬೇಕು, ಎರಡು ದಿನ ಇಟ್ಟುಕೊಂಡು ಹೋಗಿ.

ಜಿಲ್ಲೆಯ ಕಚೇರಿಯಿಂದ ಮಾಹಿತಿ ಬೇಕಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದಗಳ ಒಳಗೆ ಎಂಬ ಮಿತಿಯಿದೆ. ಆದ್ದರಿಂದ ‘ಇಂಥ ಸಚಿವರ ಅವಧಿಯಲ್ಲಿ ಆದ ಅಭಿವೃದ್ಧಿ’ ಎಂದು ಕೇಳಬೇಡಿ. ಇಂಥ ರಸ್ತೆಯ ಇಂಥ ಕಾಮಗಾರಿಗೆ ಆಡಳಿತಾತ್ಮಕ ಮಂಜೂರಾತಿ ಸಿಕ್ಕ ದಿನಾಂಕ, ಕೊನೆಯ ಬಿಲ್ಲಿನ ದಿನಾಂಕ ಮತ್ತು ಮೊತ್ತ ಎಂದು ಕೇಳಿ.

ಆ ಹಣ ಯಾರದು, ಆ ಕಾಲದಲ್ಲಿ ಕೈಯಲ್ಲಿದ್ದದ್ದು ಎಷ್ಟು

ಕರಾವಳಿಯಲ್ಲಿ ದೊಡ್ಡದಾಗಿ ಕಾಣುವ ಹಲವು ಕೆಲಸಗಳು ರಾಜ್ಯದ ಖಜಾನೆಯವೇ ಅಲ್ಲ. 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಇದ್ದದ್ದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ. ಸೀಬರ್ಡ್ ನೌಕಾನೆಲೆ ರಕ್ಷಣಾ ಇಲಾಖೆಯದು, ಕೈಗಾ ಸ್ಥಾವರ ಅಣುವಿದ್ಯುತ್ ನಿಗಮದ್ದು. ಸೂಪಾ, ಕದ್ರಾ, ಕೊಡಸಳ್ಳಿ ಅಣೆಕಟ್ಟುಗಳು ರಾಜ್ಯದ ವಿದ್ಯುತ್ ನಿಗಮದವು, ಅಂದರೆ ಸರ್ಕಾರದ್ದೇ ಸಂಸ್ಥೆಯಾದರೂ ಲೆಕ್ಕ ಬೇರೆ. ಕೊಂಕಣ ರೈಲ್ವೆಯಂತೂ ಹಂಚಿಕೊಂಡ ಹೊಣೆ: 1990ರಲ್ಲಿ ನಿಗಮ ಆದಾಗ ರೈಲ್ವೆ ಇಲಾಖೆಗೆ ಶೇ 51, ಮಹಾರಾಷ್ಟ್ರಕ್ಕೆ ಶೇ 22, ಕರ್ನಾಟಕಕ್ಕೆ ಶೇ 15, ಗೋವಾ ಮತ್ತು ಕೇರಳಕ್ಕೆ ತಲಾ ಶೇ 6 ಪಾಲು ಇತ್ತು. ಆಗಿನ ರಾಜ್ಯದ ಹಣಕಾಸು ಸಚಿವರ ಬಗ್ಗೆ ಬರೆಯುವಾಗ ಆ ಶೇ 15ರ ಮಟ್ಟಿಗೆ ಮಾತಾಡಬಹುದು, ರೈಲು ತಂದವರೆಂದು ಬರೆಯಬಾರದು.

ಸರ್ಕಾರದ ಒಳಗೂ ಹೆಸರನ್ನು ಹಂಚಿಕೊಡಬೇಕಾಗುತ್ತದೆ. ಹೆಗಡೆಯವರ ಸಂಪುಟದಲ್ಲಿ ಪಂಚಾಯತ್ ರಾಜ್ ಖಾತೆ ನೋಡಿಕೊಂಡ ಅಬ್ದುಲ್ ನಜೀರ್ ಸಾಬ್ ಅವರನ್ನು ಹಳ್ಳಿಯ ಜನ ಕೊಳವೆಬಾವಿಗಳ ಕಾರಣಕ್ಕೆ ‘ನೀರ್ ಸಾಬ್’ ಎಂದರು. ಕೆಲಸ ಅವರದು, ಅದಕ್ಕೆ ಹಣ ಒದಗಿಸಿದ ನಿರ್ಧಾರ ಹಣಕಾಸು ಖಾತೆಯದು. ಇಬ್ಬರ ಪಾಲನ್ನೂ ಹೇಳಿದರೆ ಯಾರಿಗೂ ಕಡಿಮೆಯಾಗುವುದಿಲ್ಲ. 1983ರ ಕಾಯ್ದೆಯಿಂದ ಬಂದ ಜಿಲ್ಲಾ ಪರಿಷತ್ತುಗಳಿಗೆ, ಮಂಡಲ ಪಂಚಾಯಿತಿಗಳಿಗೆ 1987ರಲ್ಲಿ ಚುನಾವಣೆ ನಡೆದ ಮೇಲೆ ಹಣದ ಒಂದು ದೊಡ್ಡ ಭಾಗ ಜಿಲ್ಲೆಯ ಕೈಗೇ ಬಂತು. ಖಜಾನೆ ಹಿಡಿದವರೊಬ್ಬರು ತಮ್ಮ ಕೈಯ ಹಣವನ್ನು ತಾವಾಗಿ ಕೆಳಗೆ ಬಿಟ್ಟುಕೊಟ್ಟದ್ದು ನನ್ನ ಮಟ್ಟಿಗೆ ಆ ಬದುಕಿನ ಅತಿ ದೊಡ್ಡ ಹಣಕಾಸು ನಿರ್ಧಾರ, ಅದನ್ನು ಆಡಳಿತ ಸುಧಾರಣೆಯ ಅಧ್ಯಾಯಕ್ಕೆ ತಳ್ಳಿ ಬಜೆಟ್ ಅಧ್ಯಾಯದಲ್ಲಿ ಮರೆಯುವುದು ಸರಿಯಲ್ಲ. ಜಿಲ್ಲೆಗಳಿಗೆ ಹೋಗುವ ಈ ಹಣದ ವಿವರ ಇಂದಿಗೂ ಲಿಂಕ್ ದಾಖಲೆ ಎಂಬ ಪ್ರತ್ಯೇಕ ಪುಸ್ತಕದಲ್ಲಿ ಬರುತ್ತದೆ.

ಕಾಲ ಬದಲಾದ ಹಾಗೆ ಸಚಿವರ ಕೈಯಲ್ಲಿರುವ ಸಾಧನಗಳೂ ಬದಲಾಗಿವೆ. ಮಾರಾಟ ತೆರಿಗೆಯ ಕಾಲದಲ್ಲಿ ಯಾವ ಸರಕಿಗೆ ಎಷ್ಟು ತೆರಿಗೆ ಎಂದು ರಾಜ್ಯವೇ ನಿರ್ಧರಿಸುತ್ತಿತ್ತು. 2005ರ ಏಪ್ರಿಲ್‌ನಿಂದ ವ್ಯಾಟ್ ಬಂತು, 2017ರ ಜುಲೈ 1ರಿಂದ ಜಿಎಸ್‌ಟಿ ಬಂದು ಆ ಅಧಿಕಾರದ ಬಹುಪಾಲು ಕೇಂದ್ರ, ರಾಜ್ಯಗಳು ಒಟ್ಟಿಗೆ ಕೂರುವ ಜಿಎಸ್‌ಟಿ ಮಂಡಳಿಯ ಮೇಜಿಗೆ ಹೋಯಿತು. ಈಗ ರಾಜ್ಯದ ಕೈಯಲ್ಲಿ ಮುಖ್ಯವಾಗಿ ಉಳಿದಿರುವುದು ಅಬಕಾರಿ, ಮುದ್ರಾಂಕ ಮತ್ತು ನೋಂದಣಿ, ವಾಹನ ತೆರಿಗೆ, ಪೆಟ್ರೋಲ್ ಡೀಸೆಲ್ ಮೇಲಿನ ತೆರಿಗೆ. ಸಾಲದ ಮೇಲೂ ಕಡಿವಾಣವಿದೆ: ದೇಶದಲ್ಲೇ ಮೊದಲಾಗಿ 2002ರಲ್ಲಿ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿಕೊಂಡಿತು. ಕೇಂದ್ರ ತೆರಿಗೆಗಳ ಹಂಚಿಕೆಯಲ್ಲಿ ರಾಜ್ಯದ ಪಾಲು 14ನೆಯ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದದ್ದು 15ನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. 1968ರ ಸಚಿವರನ್ನೂ 2020ರ ಸಚಿವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಮೊದಲು ಇವನ್ನೆಲ್ಲ ಗಮನಿಸಬೇಕು. ಆದಾಯವನ್ನು ಬಿಟ್ಟುಕೊಟ್ಟ ನಿರ್ಧಾರಗಳನ್ನೂ ಹುಡುಕಿ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದಾಗ ಹಣಕಾಸು ಖಾತೆ ಬಿ.ಎಸ್. ಯಡಿಯೂರಪ್ಪನವರ ಬಳಿ ಇತ್ತು, ಒಂದು ಆದಾಯ ನಿಂತಾಗ ಅದರ ಜಾಗದಲ್ಲಿ ಏನು ಬಂತೆಂದು ಮುಂದಿನ ಎರಡು ಪುಸ್ತಕಗಳಲ್ಲಿ ನೋಡಬಹುದು.

ರೂಪಾಯಿಯನ್ನು ರೂಪಾಯಿಯ ಎದುರು ಇಟ್ಟು ಹೋಲಿಸಬೇಡಿ. 2025-26ರ ಬಜೆಟ್ ಗಾತ್ರ 4,09,549 ಕೋಟಿ. ಅದರ ಪಕ್ಕದಲ್ಲಿ 1960ರ ದಶಕದ ಮೊತ್ತ ಏನೂ ಅಲ್ಲವೆನಿಸುತ್ತದೆ. ಒಟ್ಟು ಖರ್ಚಿನಲ್ಲಿ ಶಿಕ್ಷಣಕ್ಕೆ ನೂರಕ್ಕೆ ಎಷ್ಟು, ಬಂಡವಾಳಕ್ಕೆ ಎಷ್ಟು ಎಂದು ಹೇಳಿದರೆ ಹೋಲಿಕೆ ನಿಲ್ಲುತ್ತದೆ. ನಮ್ಮ ಸೀಮೆಯ ಓದುಗರಿಗೆ ಇನ್ನೊಂದು ಅಳತೆಯೂ ಚೆನ್ನಾಗಿ ಮುಟ್ಟುತ್ತದೆ: ಸೊಸೈಟಿಯ ಹಳೆಯ ದಫ್ತರಿನಲ್ಲಿ ಆ ವರ್ಷದ ಚಾಲಿ ಅಡಿಕೆಯ ಕ್ವಿಂಟಲ್ ದರ ಸಿಗುತ್ತದೆ, ಆ ಕಾಲದ ಒಂದು ಶಾಲೆ ಕಟ್ಟಡದ ಅಂದಾಜು ಎಷ್ಟು ಕ್ವಿಂಟಲ್ ಚಾಲಿಗೆ ಸಮ ಎಂದು ಬರೆದು ನೋಡಿ.

ಪಕ್ಷದ ಕೋಶಾಧ್ಯಕ್ಷರಾದರೆ

ಇಲ್ಲಿ ದಾಖಲೆ ಕಡಿಮೆ, ಆದರೂ ಇಲ್ಲವೆಂದಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 29ಸಿ ಕಲಮು ಖಜಾಂಚಿಯನ್ನು ಹೆಸರಿಟ್ಟೇ ಕರೆಯುತ್ತದೆ: ಒಂದು ಹಣಕಾಸು ವರ್ಷದಲ್ಲಿ 20,000 ರೂಪಾಯಿ ಮೀರಿದ ದೇಣಿಗೆಗಳ ವರದಿಯನ್ನು ಪಕ್ಷದ ಖಜಾಂಚಿ ಅಥವಾ ಪಕ್ಷ ಅಧಿಕಾರ ಕೊಟ್ಟವರು ಸಿದ್ಧಪಡಿಸಿ ಚುನಾವಣಾ ಆಯೋಗಕ್ಕೆ ಒಪ್ಪಿಸಬೇಕು. ಆದಾಯ ತೆರಿಗೆ ವಿನಾಯಿತಿ ಬೇಕಾದರೆ 2,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಯನ್ನು ನಗದಾಗಿ ಪಡೆಯುವಂತಿಲ್ಲ. 2018ರಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ರದ್ದುಮಾಡಿತು. ಆ ಅವಧಿಯ ಕೋಶಾಧ್ಯಕ್ಷರ ಬಗ್ಗೆ ಬರೆಯುವವರಿಗೆ ಆಮೇಲೆ ಹೊರಬಿದ್ದ ಪಟ್ಟಿಗಳು ಮುಖ್ಯ.

ಅಭ್ಯರ್ಥಿಯಾಗಿ ನಿಂತವರಾದರೆ ಎರಡು ಕಾಗದ ನೋಡಿ. ಒಂದು, ನಾಮಪತ್ರದ ಜೊತೆ ಕೊಡುವ ಆಸ್ತಿ ವಿವರದ ಪ್ರಮಾಣಪತ್ರ. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳ ನಂತರ ಇದು ಕಡ್ಡಾಯ, ಒಬ್ಬರೇ ಮೂರು ನಾಲ್ಕು ಬಾರಿ ನಿಂತಿದ್ದರೆ ಎಲ್ಲವನ್ನೂ ಅಕ್ಕಪಕ್ಕ ಇಡಿ. ಆಸ್ತಿಯ ಮೊತ್ತ ಏರಿದೆಯೆಂಬ ಮಾತ್ರಕ್ಕೆ ಅನುಮಾನದ ವಾಕ್ಯ ಬರೆಯಬೇಡಿ, ಅದೇ ಜಮೀನಿನ ಬೆಲೆ ಏರಿರಬಹುದು. ಹೊಸದಾಗಿ ಸೇರಿದ್ದು ಏನೆಂದು ಮಾತ್ರ ನೋಡಿ. ಎರಡನೆಯದು, ಫಲಿತಾಂಶ ಬಂದ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ, ನಮ್ಮ ಜಿಲ್ಲೆಗೆ ಕಾರವಾರದಲ್ಲಿ, ಒಪ್ಪಿಸುವ ಚುನಾವಣಾ ಖರ್ಚಿನ ಲೆಕ್ಕ. ವಿಧಾನಸಭೆಗೆ ಖರ್ಚಿನ ಮಿತಿ 2022ರಿಂದ ನಮ್ಮ ರಾಜ್ಯದಲ್ಲಿ 40 ಲಕ್ಷ. ಲೆಕ್ಕ ಕೊಡದವರನ್ನು ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು.

ಜಗಲಿಗೆ ಹೋಗಿ ಕೇಳುವುದು

ಕಾಗದ ಕೈಯಲ್ಲಿ ಹಿಡಿದ ಮೇಲೆಯೇ ಜನರ ಬಳಿ ಹೋಗಿ, ಮೊದಲಲ್ಲ. ಬರಿಗೈಯಲ್ಲಿ ಹೋದರೆ ‘ಅವ್ರು ಬಹಳ ಒಳ್ಳೆಯವ್ರು, ಮಾರಾಯ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. 5054ರ ಪುಟದ ಜೆರಾಕ್ಸ್ ಹಿಡಿದು ನಿವೃತ್ತ ಇಂಜಿನಿಯರ್ ಒಬ್ಬರ ಎದುರು ಕೂತಾಗ, ಮೊದಲು ಮಾತೇ ಆಡದಿದ್ದ ಅವರು ಕನ್ನಡಕ ಹಾಕಿಕೊಂಡು, ‘ಇದು ಆ ವರ್ಷ ಮಳೆಗೆ ದಿಬ್ಬ ಕುಸಿದು ಹಣ ಅತ್ತ ಹೋದದ್ದು’ ಎಂದು ಒಂದೇ ಅಂಕಿಗೆ ಒಂದು ಗಂಟೆಯ ಕಥೆ ಹೇಳಿದರು. ಪುಸ್ತಕ ‘ಏನು’ ಎಂಬುದನ್ನು ಹೇಳುತ್ತದೆ, ‘ಯಾಕೆ’ ಎಂಬುದು ಇಂಥವರ ನೆನಪಿನಲ್ಲಿದೆ, ಅವರಿಗೆ ವಯಸ್ಸಾಗುತ್ತಿದೆ. ಹಳೆಯ ಆಪ್ತ ಸಹಾಯಕರು, ತಾಲ್ಲೂಕು ಕಚೇರಿಯಲ್ಲಿದ್ದ ಶಿರಸ್ತೇದಾರರು, ಸಹಕಾರಿ ಸಂಘದ ಮಾಜಿ ಅಧ್ಯಕ್ಷರು, ಎದುರು ಪಕ್ಷದಲ್ಲಿ ನಿಂತು ಸೋತವರು, ಈ ನಾಲ್ವರಲ್ಲಿ ಕೊನೆಯವರನ್ನು ಬಿಟ್ಟುಬಿಡುವ ರೂಢಿ ನಮ್ಮಲ್ಲಿದೆ. ನನ್ನ ಅನುಭವದಲ್ಲಿ ಅತ್ಯಂತ ಖಚಿತವಾಗಿ ತಾರೀಕು ನೆನಪಿಟ್ಟುಕೊಂಡಿರುವವರು ಅವರೇ. ಶಿರಸಿಯ ಲೋಕಧ್ವನಿ, ಕಾರವಾರದ ಕರಾವಳಿ ಮುಂಜಾವು ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಶಂಕುಸ್ಥಾಪನೆಯ ಸುದ್ದಿ ಸಿಕ್ಕರೆ ಅಷ್ಟಕ್ಕೇ ನಿಲ್ಲಬೇಡಿ, ಉದ್ಘಾಟನೆಯ ಸುದ್ದಿಯನ್ನೂ ಹುಡುಕಿ. ಎರಡರ ನಡುವಿನ ವರ್ಷಗಳನ್ನು ಎಣಿಸಿ.

ಬರೆಯಲು ಕೂತಾಗ

‘ಅವರು ನಮಗೆ ರಸ್ತೆ ಕೊಟ್ಟರು’ ಎಂಬ ವಾಕ್ಯವನ್ನು ನಾನು ಈಗ ಬರೆಯುವುದಿಲ್ಲ. ಹಣ ಜನರದು, ಅಡಿಕೆ ಮಾರಿದವರು, ಮೀನು ಮಾರಿದವರು, ಬಸ್ ಟಿಕೆಟ್ ಕೊಂಡವರು ಎಲ್ಲರೂ ಯಾವುದೋ ರೂಪದಲ್ಲಿ ತುಂಬಿದ ತೆರಿಗೆ. ಅದರ ಬದಲು ‘ಇಂಥ ವರ್ಷ ಅವರು ಈ ರಸ್ತೆಗೆ ಇಷ್ಟು ಹಣ ಮೀಸಲಿಟ್ಟರು, ಮುಂದಿನ ಎರಡು ವರ್ಷದಲ್ಲಿ ಇಷ್ಟು ಖರ್ಚಾಯಿತು, ಇಂಥ ವರ್ಷ ಬಸ್ಸು ಬಂತು’ ಎಂದು ಬರೆಯುತ್ತೇನೆ. ವಾಕ್ಯ ಉದ್ದವಾಗುತ್ತದೆ, ಆದರೆ ಸಚಿವರು ಮಾಡಿದ್ದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅವರು ಸೋತ ಜಾಗಗಳನ್ನೂ ಇದೇ ದನಿಯಲ್ಲಿ ಬರೆಯಿರಿ. ಮನೆಯವರಿಗೆ ಬೇಸರವಾದೀತೆಂದು ಹೆದರಿ ಬಿಡಬೇಡಿ. ಕರಡನ್ನು ಅವರಿಗೂ ತೋರಿಸಿ, ಅಂಕಿ ತಪ್ಪಿದ್ದರೆ ತಿದ್ದುತ್ತೇನೆ, ಅಭಿಪ್ರಾಯ ನನ್ನದು ಎಂದು ಮೊದಲೇ ಹೇಳಿಬಿಡಿ.

ಅಚ್ಚಿಗೆ ಕೊಡುವ ಹಿಂದಿನ ದಿನ ಕರಡಿನ ಪ್ರತಿ ಸಂಖ್ಯೆಯ ಪಕ್ಕದ ಅಂಚಿನಲ್ಲಿ ಪುಸ್ತಕದ ಹೆಸರು, ವರ್ಷ, ಪುಟ ಬರೆಯಿರಿ. ಬರೆಯಲಾಗದ ಸಂಖ್ಯೆಯನ್ನು ಹೊಡೆದುಹಾಕಿ. ಜೆರಾಕ್ಸ್ ಪ್ರತಿಗಳನ್ನು ಒಂದು ಫೈಲಿಗೆ ಹಾಕಿ ಸಂಚಿಕೆಯ ಜೊತೆಯಲ್ಲೇ ತಾಲ್ಲೂಕಿನ ಗ್ರಂಥಾಲಯಕ್ಕೆ ಕೊಡಿ.

ಇಷ್ಟಾಗಿಯೂ ತಪ್ಪು ಅಚ್ಚಾದರೆ ತಿದ್ದುಪಡಿ ಚೀಟಿ ಮಾಡಿಸಿ. ಅಂಗೈ ಅಗಲದ ಕಾಗದದಲ್ಲಿ ಪುಟ ಸಂಖ್ಯೆ, ತಪ್ಪಾದ ಸಾಲು, ಸರಿಯಾದ ಸಾಲು, ಅದರ ಆಧಾರ, ಕೆಳಗೆ ದಿನಾಂಕ ಮತ್ತು ನಿಮ್ಮ ಸಹಿ ಇರಲಿ. ಆ ಹೊಳೆಯ ಸೇತುವೆಯ ವಿಷಯದಲ್ಲಿ ನಾವು ಸಂಘದ ಕಪಾಟಿನಲ್ಲಿ ಉಳಿದಿದ್ದ ನೂರಾ ನಲವತ್ತು ಪ್ರತಿಗಳಿಗೆ ಒಂದು ಸಂಜೆ ಕೂತು ಮೈದಾ ಅಂಟಿನಿಂದ ಚೀಟಿ ಹಚ್ಚಿದೆವು. ಮೊದಲ ಪ್ರತಿಯನ್ನು ಅಂಟು ಆರುವ ಮೊದಲೇ ಹೊಳೆಯಾಚೆಯ ಆ ಹಿರಿಯರ ಮನೆಗೆ ಕೊಂಡೊಯ್ದೆ. ಅವರು ಚೀಟಿಯನ್ನು ಎರಡು ಸಲ ಓದಿ, ಸೇತುವೆಗೆ ಕೊನೆಗೆ ಹಣ ಬಂದ ವರ್ಷವನ್ನೂ ಅದರಲ್ಲಿ ಸೇರಿಸಬೇಕಿತ್ತು ಎಂದರು. ಎರಡನೆಯ ಚೀಟಿಯಲ್ಲಿ ಅದನ್ನೂ ಸೇರಿಸಿದೆವು.